ಬೂಷ್ಟು ಹಿಡಿದ ಫ್ಲಾಪಿಯನ್ನು ಡ್ರೈವಿಗೆ ತುರುಕಬೇಡಿ

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಹಿಂದೆ ಕಂಪ್ಯೂಟರಿನ ಫೈಲುಗಳನ್ನು ತುಂಬಿಡುತ್ತಿದ್ದ ಹಳೇ ಫ್ಲಾಪಿಗಳ ಡಬ್ಬ ಕೈಗೆ ಸಿಕ್ಕ ದಿನ ತಡೆಯಲಾಗದೆ ಮೇಲಿದ್ದ ಒಂದನ್ನು ಡ್ರೈವಿಗೆ ಹಾಕಿದೆ. ಕೀಚ್ ಅಂತ ಸದ್ದು ಬಂತು, ಓದಲಿಲ್ಲ. ಇನ್ನೊಂದು ಹಾಕಿದೆ. ಮತ್ತೂ ಒಂದು. ಮೂರನೆಯದರ ತಗಡಿನ ಬಾಗಿಲು ಸರಿಸಿ ನೋಡಿದಾಗ ಒಳಗಿನ ಹಾಳೆಯ ಮೇಲೆ ಬಳೆಯ ಹಾಗೆ ದುಂಡನೆಯ ಗೆರೆ ಕಂಡಿತು. ಮೊದಲ ಫ್ಲಾಪಿಯ ಬೂಷ್ಟು ಡ್ರೈವಿನ ಹೆಡ್ಡಿಗೆ, ಅಂದರೆ ಹಾಳೆಗೆ ತಾಗಿ ಓದುವ ಭಾಗಕ್ಕೆ, ಅಂಟಿಕೊಂಡು, ಆಮೇಲಿನ ಎರಡನ್ನೂ ಕೆರೆದು ಹಾಕಿತ್ತು. ಆ ಗೆರೆಯಲ್ಲಿ ಇದ್ದದ್ದು ಇನ್ನು ಯಾವ ಯಂತ್ರಕ್ಕೂ ಸಿಗುವುದಿಲ್ಲ. ಲೇಪನವೇ ಕಿತ್ತು ಹೋದ ಮೇಲೆ ಓದುವುದೇನನ್ನು?

ನಾನು 1994ರಿಂದ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಮದುವೆ ಕರೆಯೋಲೆ, ಸಂಘದ ವಾರ್ಷಿಕ ವರದಿ, ದೇವಸ್ಥಾನದ ರಶೀದಿ ಪುಸ್ತಕ, ಇಂಥವೇ. ಅಂಗಡಿ ಮುಚ್ಚುವಾಗ ಯಜಮಾನರು "ನಿನ್ನ ಕೈಕೆಲಸ, ನೀನೇ ಇಟ್ಕೋಮ್ಮ" ಅಂತ ಎರಡು ಬಿಸ್ಕತ್ ಡಬ್ಬ ತುಂಬ ಫ್ಲಾಪಿ ಕೊಟ್ಟರು. ಒಂದು ಡಬ್ಬ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕಬ್ಬಿಣದ ಬೀರು ಸೇರಿತು. ಇನ್ನೊಂದು ಅಡುಗೆಮನೆಯ ಅಟ್ಟ ಹತ್ತಿತು, ಸೌದೆ ಒಲೆಯ ನೇರ ಮೇಲೆ.

ಬೀರುವಿನ ಡಬ್ಬವೇ ಚೆನ್ನಾಗಿರುತ್ತದೆ ಅಂದುಕೊಂಡಿದ್ದೆ. ಉಲ್ಟಾ ಆಯಿತು. ಗಾಳಿಯಾಡದ ಬೀರು, ಹಿಂದೆ ಥಂಡಿ ಗೋಡೆ, ಒಳಗೆ ಪೂರ್ತಿ ಬೂಷ್ಟು. ಅಟ್ಟದ ಮೇಲಿನದ್ದು ಇಲ್ಲಣ ಹಿಡಿದು ಜಿಗುಟಾಗಿತ್ತು, ಆದರೆ ಬೂಷ್ಟು ಒಂದು ಚುಕ್ಕಿಯೂ ಇರಲಿಲ್ಲ. ಬೀಜದ ಸೌತೆಕಾಯಿಯನ್ನು ನಮ್ಮ ಹಿರಿಯರು ಒಲೆಯ ಮೇಲೆ ಯಾಕೆ ಕಟ್ಟುತ್ತಿದ್ದರು ಅಂತ ಆಗ ಹೊಳೆಯಿತು. ಹಾಗಂತ ಫ್ಲಾಪಿಗಳನ್ನು ಒಲೆಯ ಮೇಲೆ ಇಡಿ ಅಂತ ಹೇಳುತ್ತಿಲ್ಲ. ಹೊಗೆಯ ಜಿಡ್ಡು ತೆಗೆಯುವುದೂ ಸಣ್ಣ ಕೆಲಸವಲ್ಲ.

ಈ ಕೆಲಸಕ್ಕೆ ಮಳೆಗಾಲದಲ್ಲಿ ಕೈ ಹಾಕಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ಒಗೆದ ಬಟ್ಟೆ ನಾಲ್ಕು ದಿನಕ್ಕೂ ಒಣಗುವುದಿಲ್ಲ, ಇನ್ನು ತೊಳೆದ ಫ್ಲಾಪಿ ಒಣಗುತ್ತದೆಯೇ? ಅಡಿಕೆ ಸುಲಿತ ಮುಗಿದ ಮೇಲೆ, ಫೆಬ್ರವರಿ–ಮಾರ್ಚ್ ಸರಿಯಾದ ಸಮಯ. ಏಪ್ರಿಲ್ ಬಂತೆಂದರೆ ಗುಡುಗು ಸಿಡಿಲು ಶುರು. ಸಿಡಿಲು ಹೊಡೆಯುವಾಗ ಹಳೇ ಕಂಪ್ಯೂಟರಿನ ಪ್ಲಗ್ ಗೋಡೆಯಲ್ಲಿ ಇರಲೇಬಾರದು.

ಮೊದಲು ಒಣಗಿಸುವುದು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಫ್ಲಾಪಿಗಳನ್ನು ನಿಲ್ಲಿಸಿ, ಒಂದು ವಾರ ಮುಚ್ಚಿಡಿ. ಬಿಸಿಲಿಗೆ ಇಡಬೇಡಿ, ಅಡಿಕೆ ಡ್ರೈಯರ್ ಹತ್ತಿರ ಅಂತೂ ಬೇಡವೇ ಬೇಡ. ಒಳಗಿರುವುದು ತೆಳುವಾದ ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಾಂತದ ಪುಡಿ. ಬಿಸಿಗೆ ಹಾಳೆ ಸೊಟ್ಟಗಾದರೆ ಮುಗಿಯಿತು.

ಒಣಗುವ ಮೊದಲೇ ಪ್ರತಿಯೊಂದರ ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ. ಹಳೇ ಅಂಟು ಬಿಟ್ಟು ಲೇಬಲ್ ಉದುರುತ್ತದೆ, ಆಮೇಲೆ ಯಾವುದು ಯಾವುದೋ. ಫ್ಲಾಪಿಯ ಮೂಲೆಯಲ್ಲಿ ಮಾರ್ಕರಿನಿಂದ ಒಂದು ನಂಬರ್ ಬರೆಯಿರಿ, ಅದೇ ನಂಬರ್ ಒಂದು ನೋಟ್‌ಬುಕ್ಕಿನಲ್ಲೂ ಇರಲಿ.

ಈಗ ಬೀಗ. ಇಲ್ಲಿ ಎಲ್ಲರೂ ಎಡವುತ್ತಾರೆ. ಮೂರೂವರೆ ಇಂಚಿನ ಗಟ್ಟಿ ಫ್ಲಾಪಿಯಲ್ಲಿ ಮೂಲೆಯ ಸಣ್ಣ ಗುಂಡಿ ಸರಿಸಿ ತೂತು ತೆರೆದರೆ ಬೀಗ ಬಿದ್ದ ಹಾಗೆ, ಅದರ ಮೇಲೆ ಏನೂ ಬರೆಯಲಾಗದು. ಐದೂಕಾಲು ಇಂಚಿನ ಬಳುಕುವ ಫ್ಲಾಪಿಯಲ್ಲಿ ಇದು ತಿರುಗಾಮುರುಗಾ. ಅಂಚಿನ ಕಚ್ಚನ್ನು ಕಾಣದ ಹಾಗೆ ಮುಚ್ಚಿದರೆ ಬೀಗ. ಮುಚ್ಚಲು ಪಾರದರ್ಶಕ ಟೇಪ್ ಬೇಡ, ಕೆಲವು ಡ್ರೈವುಗಳು ಕಚ್ಚನ್ನು ಬೆಳಕಿನಿಂದ ನೋಡುತ್ತವೆ. ಕಪ್ಪು ಇನ್ಸುಲೇಶನ್ ಟೇಪ್ ಸಾಕು.

ಆಮೇಲೆ ನೋಡುವುದು, ಸುಮ್ನೆ ನೋಡುವುದು. ಗಟ್ಟಿ ಫ್ಲಾಪಿಯ ಬಾಗಿಲು ಸರಿಸಿ, ಹಿಂದಿನ ಲೋಹದ ಬಿಲ್ಲೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತಾ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಹಾಳೆ ಕನ್ನಡಿಯ ಹಾಗೆ ಹೊಳೆಯಬೇಕು. ಬಿಳಿ ಚುಕ್ಕಿ, ಜೇಡರಬಲೆಯಂಥ ಗೆರೆ, ಮಂಕು ಕಂಡರೆ ಬೂಷ್ಟು. ಎರಡೂ ಬದಿ ನೋಡಿ. ನನ್ನ 74 ಫ್ಲಾಪಿಗಳಲ್ಲಿ 31 ಈ ಪರೀಕ್ಷೆಯಲ್ಲೇ ಬದಿಗೆ ಹೋದವು.

ತೊಳೆಯುವ ಕೆಲಸವನ್ನು ಮೊದಲು ಬೇಡದ ಫ್ಲಾಪಿಯ ಮೇಲೆ ಕಲಿಯಿರಿ. ಗಟ್ಟಿ ಫ್ಲಾಪಿಯ ತಗಡಿನ ಬಾಗಿಲು ಎಬ್ಬಿಸಿ ತೆಗೆಯಬೇಕು. ಅದರ ಸ್ಪ್ರಿಂಗ್ ಹಾರಿ ಎಲ್ಲಿಗೋ ಹೋಗುತ್ತದೆ, ಹುಡುಕಬೇಡಿ, ಅದು ಬೇಕಾಗಿಲ್ಲ. ಮೂಲೆಗಳಲ್ಲಿ ತೆಳು ಚಾಕು ತೂರಿಸಿದರೆ ಚಿಪ್ಪು ಎರಡಾಗುತ್ತದೆ. ಐದೂಕಾಲು ಇಂಚಿನದಾದರೆ ಲಕೋಟೆಯ ಮೇಲಂಚನ್ನು ಕತ್ತರಿಸಿ ಹಾಳೆಯನ್ನು ಹೊರಗೆ ಎಳೆಯಬೇಕು. ಅದಕ್ಕೂ ಮುಂಚೆ, ನಡುವಿನ ತೂತಿನ ಪಕ್ಕ ಮೇಲ್ಬದಿಗೆ ಪೆನ್ನಿನಿಂದ ಒಂದು ಚುಕ್ಕಿ ಇಡಿ. ಇಲ್ಲದಿದ್ದರೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ಆಮೇಲೆ ದೇವರಿಗೂ ಗೊತ್ತಾಗುವುದಿಲ್ಲ. ಗಟ್ಟಿ ಫ್ಲಾಪಿಗೆ ಈ ತಾಪತ್ರಯವಿಲ್ಲ, ಬಿಲ್ಲೆ ಒಂದೇ ಬದಿಗಿರುತ್ತದೆ.

ಬೂಷ್ಟಿಗೆ ನಾನು ಬಳಸುವುದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಬಾವಿ ನೀರು ಬೇಡ, ಒಣಗಿದ ಮೇಲೆ ಕಲೆ ಬಿಡುತ್ತದೆ. ಹಾಳೆಯನ್ನು ನೀರಿನಲ್ಲಿ ಅದ್ದಿ, ಕನ್ನಡಕ ಒರೆಸುವ ಬಟ್ಟೆಯಿಂದ ಒತ್ತದೆ ಸವರಬೇಕು. ಇಲ್ಲಣದ ಜಿಡ್ಡಿಗೆ ನೀರು ಸಾಲದು, ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಅದನ್ನೂ ಮೊದಲು ಹಾಳೆಯ ಹೊರ ಅಂಚಿನಲ್ಲಿ ಒಂದು ಹನಿ ಹಾಕಿ ನೋಡಿ. ಹತ್ತಿಗೆ ಕಂದು ಬಣ್ಣ ಬಂದರೆ ಲೇಪನ ಬಿಡುತ್ತಿದೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ. ಆಲ್ಕೊಹಾಲ್ ಬಳಸುವಾಗ ಕಿಟಕಿ ತೆಗೆದಿರಲಿ, ಒಲೆ ಆರಿರಲಿ. ಕೈಗೆ ಗ್ಲೌಸ್, ಬೂಷ್ಟು ಮೂಗಿಗೆ ಹೋಗದ ಹಾಗೆ ಮಾಸ್ಕ್. ಪೂರ್ತಿ ಒಣಗಿದ ಹಾಳೆಯನ್ನು ಹಳೇ ಚಿಪ್ಪಿಗೆ ವಾಪಸ್ ಹಾಕಬೇಡಿ, ಅದರೊಳಗಿನ ಬಟ್ಟೆಯಲ್ಲೂ ಬೂಷ್ಟು ಕೂತಿರುತ್ತದೆ. ಬೇಡದ ಒಂದು ಶುಭ್ರ ಫ್ಲಾಪಿಯನ್ನು ಬಿಚ್ಚಿ ಅದರ ಚಿಪ್ಪನ್ನು ಬಳಸಿ. ಒಂದೇ ಚಿಪ್ಪಿನಲ್ಲಿ ನಾನು ಹನ್ನೊಂದು ಹಾಳೆ ಓದಿಸಿದ್ದೇನೆ.

ಡ್ರೈವಿನ ಹೆಡ್ಡನ್ನೂ ಇದೇ ಆಲ್ಕೊಹಾಲಿನಿಂದ ಒರೆಸಬೇಕು. ಅನುಮಾನ ಬಂದ ಪ್ರತಿ ಫ್ಲಾಪಿಯ ನಂತರ ಇದು ಕಡ್ಡಾಯ. ಮೇಲಿನ ಹೆಡ್ಡನ್ನು ಎತ್ತಿ ಹಿಡಿಯಬೇಡಿ. ಅದು ಸೂಕ್ಷ್ಮ ತಗಡಿನ ಮೇಲೆ ಕೂತಿರುತ್ತದೆ, ಬಗ್ಗಿದರೆ ಡ್ರೈವ್ ತಿಪ್ಪೆಗೆ.

ಇನ್ನು ಓದಿಸುವುದು. ಮೂರೂವರೆ ಇಂಚಿನ ಶುಭ್ರ ಫ್ಲಾಪಿಗಳಿಗೆ ಯುಎಸ್‌ಬಿ ಡ್ರೈವ್ ನಡೆಯುತ್ತದೆ. ವಿಂಡೋಸ್ ಕೆಲವೊಮ್ಮೆ "ಫಾರ್ಮ್ಯಾಟ್ ಮಾಡಲೇ?" ಅಂತ ಮುಗ್ಧವಾಗಿ ಕೇಳುತ್ತದೆ. ಹೂಂ ಅಂದಿರೋ, ಕೆಟ್ಟಿರಿ. ನಾನು ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಬಳಸುತ್ತೇನೆ. ಅದು ಮೊದಲು ಸಲೀಸಾಗಿ ಸಿಗುವುದನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಹೋಗುತ್ತದೆ. ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಇಡೀ ಫ್ಲಾಪಿಯ ಪಡಿಯಚ್ಚು, ಅಂದರೆ ಇಮೇಜ್, ಒಂದೇ ಫೈಲಾಗಿ ಬರುತ್ತದೆ. ಅಳಿಸಿದ ಫೈಲುಗಳ ಚೂರುಗಳೂ ಅದರಲ್ಲೇ ಇರುತ್ತವೆ.

ಐದೂಕಾಲು ಇಂಚಿನದಕ್ಕೂ ಹಟ ಮಾಡುವ ಫ್ಲಾಪಿಗೂ ಬೇರೆ ದಾರಿ. ಕೀರ್ ಫ್ರೇಸರ್ ಎಂಬವರು ಮಾಡಿದ ಗ್ರೀಸ್‌ವೀಝಲ್ ಅನ್ನುವ ಸಣ್ಣ ಬೋರ್ಡ್ ಇದೆ. ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಹಳೇ ಡ್ರೈವಿನ 34 ಪಿನ್ನಿನ ಪಟ್ಟಿ ಕೇಬಲ್. ಐದೂಕಾಲು ಇಂಚಿನ ಡ್ರೈವಿಗೆ 5 ವೋಲ್ಟ್ ಜೊತೆ 12 ವೋಲ್ಟೂ ಬೇಕು, ಅದಕ್ಕೆ ಗುಜರಿ ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಕರೆಂಟ್ ಕೊಡುವ ಪೆಟ್ಟಿಗೆ, ಹಾಕಿಕೊಂಡಿದ್ದೇನೆ. ಈ ಬೋರ್ಡ್ ಸೊನ್ನೆ–ಒಂದುಗಳನ್ನು ಓದುವುದಿಲ್ಲ. ಹಾಳೆ ತಿರುಗುವಾಗ ಕಾಂತದ ದಿಕ್ಕು ಯಾವ ಯಾವ ಕ್ಷಣಕ್ಕೆ ಬದಲಾಯಿತು ಅನ್ನುವುದನ್ನೇ ಬರೆದಿಟ್ಟುಕೊಳ್ಳುತ್ತದೆ. ಅರ್ಥ ಬಿಡಿಸುವುದು ಆಮೇಲೆ, ನಿಧಾನಕ್ಕೆ. ಹಾಗಾಗಿ ದುರ್ಬಲ ಫ್ಲಾಪಿಯನ್ನು ಮತ್ತೆ ಮತ್ತೆ ತಿರುಗಿಸಿ ಸವೆಸಬೇಕಾಗಿಲ್ಲ.

ಒಂದು ಎಚ್ಚರ. ಐದೂಕಾಲು ಇಂಚಿನ 360 ಕೆಬಿ ಫ್ಲಾಪಿಯಲ್ಲಿ ಬದಿಗೆ 40 ಟ್ರ್ಯಾಕ್, ಅಂದರೆ ಬರಹ ಕೂರುವ ದುಂಡು ಸಾಲು, 1.2 ಎಂಬಿ ಡ್ರೈವಿನಲ್ಲಿ 80. ಟ್ರ್ಯಾಕ್ ಬಿಟ್ಟು ಟ್ರ್ಯಾಕ್ ಹೋಗು ಅಂತ ಹೇಳಿದರೆ ಓದುತ್ತದೆ. ಆದರೆ ಆ ಡ್ರೈವಿನಿಂದ ಅದರ ಮೇಲೆ ಬರೆಯಬಾರದು. ಹೆಡ್ ಕಿರಿದು, ಹಳೇ ಬರಹದ ಅಂಚು ಉಳಿದುಕೊಂಡು ಎರಡೂ ಕಲಸಿಹೋಗುತ್ತವೆ.

ಬಂದ ಇಮೇಜಿನ ಗಾತ್ರ ನೋಡಿ. 1.44 ಎಂಬಿ ಫ್ಲಾಪಿಯಾದರೆ ಸರಿಯಾಗಿ 14,74,560 ಬೈಟ್. 360 ಕೆಬಿಯದಾದರೆ 3,68,640. ಒಂದು ಬೈಟ್ ಕಡಿಮೆ ಇದ್ದರೂ ಏನೋ ಬಿಟ್ಟುಹೋಗಿದೆ. ಒಂದು ಡ್ರೈವಿನಲ್ಲಿ ಓದದ್ದು ಇನ್ನೊಂದರಲ್ಲಿ ಓದುವುದುಂಟು, ಎರಡು ಮೂರು ಗುಜರಿ ಡ್ರೈವ್ ಇಟ್ಟುಕೊಳ್ಳಿ. ಪ್ರತಿ ಇಮೇಜಿಗೂ ಎಸ್‌ಎಚ್‌ಎ-256, ಅಂದರೆ ಫೈಲ್ ಬದಲಾಗಿದೆಯೇ ಅಂತ ತಿಳಿಸುವ ಬೆರಳಚ್ಚಿನಂಥ ಸಂಖ್ಯೆ, ತೆಗೆದು ನೋಟ್‌ಬುಕ್ಕಿನ ನಂಬರಿನ ಜೊತೆ ಒಂದು ಪಠ್ಯ ಫೈಲಿನಲ್ಲಿ ಇಡಿ. ಪ್ರತಿಗಳು ಮೂರಿರಲಿ. ನನ್ನದು ಒಂದು ಮನೆಯಲ್ಲಿ, ಒಂದು ಶಿವಮೊಗ್ಗದ ಮಗಳ ಹತ್ತಿರ, ಒಂದು ಕ್ಲೌಡಿನಲ್ಲಿ. ಬೇರೆಯವರ ಲೆಕ್ಕಪತ್ರ ಇದ್ದ ಆರು ಫ್ಲಾಪಿಗಳನ್ನು ಮಾತ್ರ ಕ್ಲೌಡಿಗೆ ಹಾಕಲಿಲ್ಲ, ಅವರವರನ್ನು ಕೇಳಿದ ಮೇಲೆ ನೋಡೋಣ ಅಂತ.

ಇಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಫೈಲ್ ತೆರೆದರೆ ಕಾಗೆ ಕಾಲು, ಗುಬ್ಬಿ ಕಾಲು. ಆಗಿನ ಕನ್ನಡ ಈಗಿನ ಯುನಿಕೋಡ್ ಅಲ್ಲವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು ಅವು. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಆದ್ದರಿಂದ ಫ್ಲಾಪಿಗಳ ರಾಶಿಯಲ್ಲಿ ಫಾಂಟಿನದು ಸಿಕ್ಕರೆ ಅದನ್ನೇ ಮೊದಲು ಉಳಿಸಿ. ಬರಹ ಮತ್ತು ನುಡಿ ಫಾಂಟಿನ ಪಠ್ಯಕ್ಕೆ ಪರಿವರ್ತಕಗಳಿವೆ. ಅರ್ಕಾವೊತ್ತು ಮತ್ತು ಒತ್ತಕ್ಷರಗಳಲ್ಲಿ ಅವು ಮುಗ್ಗರಿಸುವುದುಂಟು, ಕಣ್ಣಾರೆ ಓದಿಯೇ ತಿದ್ದಬೇಕು. ಹಳೇ ಡಿಬೇಸ್, ಲೋಟಸ್ ಲೆಕ್ಕದ ಫೈಲುಗಳನ್ನು ಲಿಬ್ರೆಆಫೀಸ್ ತೆರೆಯುತ್ತದೆ.

ನನಗೆ ಬೇಕಾಗಿದ್ದದ್ದು 52ನೇ ನಂಬರಿನ ಫ್ಲಾಪಿ. 1999ರಲ್ಲಿ ಅತ್ತೆ ಹೇಳಿದ ಹಸೆ ಹಾಡುಗಳನ್ನು ಬರಹ ಫಾಂಟಿನಲ್ಲಿ ಟೈಪ್ ಮಾಡಿ ಅದರಲ್ಲಿ ಇಟ್ಟಿದ್ದೆ. ಪುಸ್ತಕ ಮಾಡಿಸುವ ಆಸೆ ಇತ್ತು, ಆಗಲಿಲ್ಲ. ಫ್ಲಾಪಿ ಬೀರುವಿನ ಡಬ್ಬದ್ದು. ಎರಡು ಸಲ ತೊಳೆದು ಓದಿಸಿದಾಗ ನಾಲ್ಕು ಫೈಲುಗಳಲ್ಲಿ ಮೂರು ಪೂರ್ತಿ ಬಂದವು. ನಾಲ್ಕನೆಯದರಲ್ಲಿ ಒಂದು ಹಾಡು ನಡುವೆಯೇ ನಿಂತಿತು.

ಪ್ರಿಂಟ್ ತೆಗೆದುಕೊಂಡು ಅತ್ತೆಗೆ ಓದಿ ಹೇಳಿದೆ. ನಿಂತ ಜಾಗದಿಂದ ಮುಂದಕ್ಕೆ ಅವರೇ ಹಾಡಿಬಿಟ್ಟರು. ಆಮೇಲೆ ಕಾಗದವನ್ನೇ ದಿಟ್ಟಿಸಿ, "ಇದ್ರಲ್ಲಿ ಮೂರನೇ ಸಾಲೇ ತಪ್ಪು ಕಣೆ. ಆವತ್ತೂ ಹೇಳಿದ್ದೆ, ನೀನು ಕೇಳ್ಲಿಲ್ಲ" ಅಂದರು.

ಇಮೇಜನ್ನು ನಾನು ಮುಟ್ಟಿಲ್ಲ, ತಪ್ಪು ಸಾಲು ಅದರಲ್ಲಿ ಹಾಗೇ ಇದೆ. ಅತ್ತೆ ತಿದ್ದಿಸಿದ್ದು ಅದೇ ಫೋಲ್ಡರಿನಲ್ಲಿ ಬೇರೆ ಫೈಲು, ಪಕ್ಕದಲ್ಲಿ ಅವರು ಹಾಡಿದ ರೆಕಾರ್ಡಿಂಗ್. ಮೂರರ ಹೆಸರೂ 52ರಿಂದಲೇ ಶುರುವಾಗುತ್ತದೆ.