ಕಣ್ಣಿಗೆ ಕಾಣದ ಅಕ್ಷರ ಹುಡುಕಿ ತೆಗೆಯುವುದು ಹೇಗೆ?

ವರ್ಡ್‌ನಲ್ಲಿ ಪದ ಕಣ್ಣೆದುರಿಗೇ ಇದೆ, ಆದರೂ ಹುಡುಕಿದರೆ ಸಿಗುವುದಿಲ್ಲ ಅಲ್ವಾ? ಬಹಳ ಸಲ ಅದರೊಳಗೆ ಅಗಲವೇ ಇಲ್ಲದ ಒಂದು ಅಕ್ಷರ, ಝಡ್‌ಡಬ್ಲ್ಯೂಎನ್‌ಜೆ (ಝೀರೋ ವಿಡ್ತ್ ನಾನ್-ಜಾಯ್ನರ್, ಅಂದರೆ ಪಕ್ಕದ ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ ಗುರುತು), ಅಡಗಿರುತ್ತದೆ. ಮೊದಲು ಫೈಲಿನ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಕಂಟ್ರೋಲ್ ಜೊತೆ ಎಚ್ ಒತ್ತಿ, ಹುಡುಕುವ ಜಾಗದಲ್ಲಿ ^ ಗುರುತು, ಇಂಗ್ಲಿಷಿನ ಸಣ್ಣ ಯು, 8204 ಇಷ್ಟನ್ನೂ ನಡುವೆ ಜಾಗ ಬಿಡದೆ ಬರೆಯಿರಿ.

ಆದರೆ ಸುಮ್ನೆ ಎಲ್ಲವನ್ನೂ ಅಳಿಸಬೇಡಿ, ದಯವಿಟ್ಟು! ರಾಜ್‌ಕುಮಾರ್ ಎನ್ನುವಲ್ಲಿ ಕ ಒತ್ತಕ್ಷರ ಆಗದಂತೆ ತಡೆಯುವುದು ಅದೇ, ತೆಗೆದರೆ ರಾಜ್ಕುಮಾರ್ ಆಗಿಬಿಡುತ್ತದೆ. ಪದದ ಕೊನೆಯಲ್ಲಿ ಮಾತ್ರ ಅದು ಬೇಕಿಲ್ಲ. ಹಾಗಾಗಿ 8204ರ ನಂತರ ಒಂದು ಸ್ಪೇಸ್ ಸೇರಿಸಿ ಹುಡುಕಿ, ಬದಲಿಗೆ ಬರೀ ಸ್ಪೇಸ್ ಕೊಡಿ. ವೆಬ್‌ನಿಂದ ಅಂಟಿಸಿದ ಬರಹದಲ್ಲಿ ಸಾಲು ಮುರಿಯದ ಸ್ಪೇಸ್ (ಎರಡು ಪದಗಳನ್ನು ಒಂದೇ ಸಾಲಿನಲ್ಲಿ ಹಿಡಿದಿಡುವ ಸ್ಪೇಸ್) ಜಾಸ್ತಿ, ಅದನ್ನು ಹುಡುಕಲು ^ ಮತ್ತು ಸಣ್ಣ ಎಸ್ ಸಾಕು.