ಸ್ಟೆಂಟ್ ಕ್ರಿಂಪಿಂಗ್: ನಾನು ಮಾಡುವ ರೀತಿ

ಬ್ಲಾಕ್ ಆದ ಹೃದಯದ ರಕ್ತನಾಳವನ್ನು ತೆರೆದಿಡಲು ಹಾಕುವ ಸಣ್ಣ ಲೋಹದ ಜಾಲರಿ ಕೊಳವೆಯೇ ಸ್ಟೆಂಟ್. ಅದರ ತಯಾರಿಕೆಯಲ್ಲಿ ನನ್ನದು ಕ್ರಿಂಪಿಂಗ್ ವಿಭಾಗ. ಔಷಧಿ ಲೇಪಿಸಿದ ಸ್ಟೆಂಟನ್ನು, ಮಡಚಿ ಸುತ್ತಿದ ಬಲೂನಿನ ಮೇಲೆ ಒತ್ತಿ ಕೂರಿಸುವ ಕೆಲಸ. ನಾಳದೊಳಗೆ ಆ ಬಲೂನು ಊದಿದಾಗ ಸ್ಟೆಂಟ್ ಅರಳುತ್ತದೆ. ಲೇಸರ್ ಕಟಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದರ ಬಗ್ಗೆ ಕೇಳುವವರು ಕಡಿಮೆ. ನನಗಂತೂ ಇದಕ್ಕಿಂತ ನಾಜೂಕಿನ ಕೆಲಸ ಇನ್ನೊಂದಿಲ್ಲ.

ಒತ್ತಿದ ಮೇಲೆ ಸ್ಟೆಂಟಿನ ಅಡ್ಡಳತೆ ಹೆಚ್ಚುಕಡಿಮೆ 1 ಮಿಲಿಮೀಟರ್. ಈಗಿನ ಬಹಳಷ್ಟು ಕೋಬಾಲ್ಟ್ ಕ್ರೋಮಿಯಂ ಸ್ಟೆಂಟುಗಳ ಜಾಲರಿಯ ಎಳೆ 60ರಿಂದ 80 ಮೈಕ್ರಾನ್ ದಪ್ಪ, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಿಡಿತ ಸಡಿಲವಾದರೆ ಬ್ಲಾಕ್ ಇರುವ ಜಾಗ ತಲುಪುವ ಮೊದಲೇ ನಾಳದೊಳಗೆ ಜಾರಬಹುದು. ಜಾಸ್ತಿ ಒತ್ತಿದರೆ ಲೇಪನ ಬಿರುಕು ಬಿಡುತ್ತದೆ, ಬಲೂನಿಗೂ ಪೆಟ್ಟು.

ಯಂತ್ರದಲ್ಲಿ ಹೊಂದಿಸುವುದು ಮುಖ್ಯವಾಗಿ ಒತ್ತಡ, ಬಿಸಿ, ಹಿಡಿದಿಡುವ ಸಮಯ. ಹೊಸ ಅಳತೆಯ ಸ್ಟೆಂಟ್ ಬಂದರೆ ಹಲವರು ಮೊದಲು ಒತ್ತಡ ಏರಿಸುತ್ತಾರೆ. ನಾನು ಬಿಸಿಯಿಂದ ಶುರು ಮಾಡುತ್ತೇನೆ. ಬಿಸಿಗೆ ಬಲೂನಿನ ಪ್ಲಾಸ್ಟಿಕ್ ಮೆತ್ತಗಾಗಿ ಎಳೆಗಳ ಸಂದಿಗೆ ಉಬ್ಬಿ ಕೂರುತ್ತದೆ. ಸ್ಟೆಂಟನ್ನು ನಿಜವಾಗಿ ಹಿಡಿದಿಡುವುದು ಆ ಉಬ್ಬು. ಆದರೆ ಔಷಧಿ ತಡೆಯುವ ಬಿಸಿಗೆ ಮಿತಿ ಇದೆ. ಲೇಪನದವರು ಹೇಳಿದ ಮಿತಿಯನ್ನು ನಾನು ದಾಟುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇನೆ. ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಆಮೇಲೆ ರಕ್ತನಾಳದ ಹಾಗೆ ಅಂಕುಡೊಂಕಾದ ಕೊಳವೆಯಲ್ಲಿ ಸ್ಟೆಂಟನ್ನು ಹಾಯಿಸಿ, ಎಷ್ಟು ಬಲ ಹಾಕಿದರೆ ಬಲೂನಿನಿಂದ ಕಳಚುತ್ತದೆ ಅಂತ ಎಳೆದು ನೋಡುತ್ತೇವೆ. ಇಲ್ಲಿ ನನ್ನ ಕಣ್ಣು ಸರಾಸರಿಯ ಮೇಲಲ್ಲ, ಎಲ್ಲಕ್ಕಿಂತ ಕಡಿಮೆ ಬಂದ ಅಂಕಿಯ ಮೇಲೆ. ಆ ಪೀಸೂ ಯಾರದೋ ಎದೆಯೊಳಗೆ ಹೋಗಬೇಕಾದದ್ದೇ ಅಲ್ವಾ?

ಉಳಿದ ಪೀಸುಗಳನ್ನು 37 ಡಿಗ್ರಿ ನೀರಿನಲ್ಲಿ ಬಲೂನು ಊದಿ ಅರಳಿಸುತ್ತೇವೆ. ಎರಡೂ ತುದಿ ಸಮನಾಗಿ ತೆರೆಯಬೇಕು. ನಂತರ ಮೈಕ್ರೋಸ್ಕೋಪ್. ನೇರ ಎಳೆಗಳ ಮೇಲೆ ಹೆಚ್ಚು ಹೊತ್ತು ಕಳೆಯುವುದಿಲ್ಲ. ಎಳೆ ತಿರುಗುವ ಬಾಗುಗಳನ್ನು ನಿಧಾನವಾಗಿ ನೋಡುತ್ತೇನೆ. ಒತ್ತುವಾಗ, ಅರಳುವಾಗ ಲೋಹ ಹೆಚ್ಚು ಬಳುಕುವುದು ಅಲ್ಲೇ. ಬಿರುಕು ಕಾಣುವುದೂ ಮೊದಲು ಅಲ್ಲೇ. ಹೊಸಬರಿಗೆ ನಾನು ಮೊದಲು ಕಲಿಸುವುದೂ ಈ ಜಾಗವನ್ನೇ.

ಬಾಳಿಕೆ ಪರೀಕ್ಷೆ ಬೇರೆ ತಂಡದ್ದು. ಅದಕ್ಕೂ ಕ್ರಿಂಪ್ ಮಾಡಿ ಅರಳಿಸಿದ ಪೀಸುಗಳೇ ಬೇಕು. ಹತ್ತು ವರ್ಷದ ಹೃದಯಬಡಿತಕ್ಕೆ ಸಮನಾಗಿ ಸುಮಾರು 40 ಕೋಟಿ ಬಡಿತ. ಸೆಕೆಂಡಿಗೆ 50ರಂತೆ ಓಡಿಸಿದರೂ ಮೂರು ತಿಂಗಳು ಹಿಡಿಯುತ್ತದೆ.

ಇನ್ನೊಂದು ಮಾತು. ಬಲೂನಿನ ಹೊಸ ಲಾಟ್ ಬಂದಾಗ ಹಳೆಯ ಸೆಟ್ಟಿಂಗ್ ಸುಮ್ನೆ ಮುಂದುವರಿಸಬೇಡಿ. ಕೆಲವು ಪೀಸುಗಳನ್ನು ಮತ್ತೆ ಎಳೆದು ನೋಡಿ, ಆಮೇಲೆ ಲೈನ್ ಶುರು ಮಾಡಿ.