ಕ್ರಿ.ಶ. 69ರ ರೋಮನ್ ಸಿಂಹಾಸನ ಕಲಹವನ್ನು ಓದುವ ಬಗೆ

ಬಾದಾಮಿ ಚಾಲುಕ್ಯರ ಸಿಂಹಾಸನಕ್ಕಾಗಿ ಮಂಗಳೇಶನಿಗೂ ಅವನ ಅಣ್ಣನ ಮಗ ಇಮ್ಮಡಿ ಪುಲಕೇಶಿಗೂ ನಡೆದ ಕಾಳಗವನ್ನು ಬಲ್ಲ ಬಾಗಲಕೋಟೆಯ ವಿದ್ಯಾರ್ಥಿಗಳು ಒಂದು ವ್ಯತ್ಯಾಸವನ್ನು ಮೊದಲೇ ಮನಗಾಣಬೇಕು: ಅಲ್ಲಿ ಹೋರಾಟ ಒಂದೇ ಮನೆತನದೊಳಗಿನದು, ಆದರೆ ರೋಮಿನಲ್ಲಿ 68ರಲ್ಲಿ ಚಕ್ರವರ್ತಿ ನೀರೋ ಸತ್ತೊಡನೆ ರಾಜವಂಶವೇ ಮುಗಿದು, ಚಕ್ರವರ್ತಿಯನ್ನು ಆರಿಸುವ ಬಲ ಸೈನ್ಯದ ಕೈಗೆ ಬಂದಿತು.

ಆದ್ದರಿಂದ ಭೂಪಟವನ್ನು ಮುಂದಿಟ್ಟುಕೊಂಡು, ಆ ವರ್ಷ ಪಟ್ಟದಲ್ಲಿದ್ದ ನಾಲ್ವರಾದ ಗಾಲ್ಬಾ, ಓಥೋ, ವಿಟೆಲಿಯಸ್, ವೆಸ್ಪಾಸಿಯನ್ ಇವರಲ್ಲಿ ಪ್ರತಿಯೊಬ್ಬನ ಹೆಸರಿನ ಎದುರು ಅವನನ್ನು ಎತ್ತಿಹಿಡಿದ ಪಡೆಯನ್ನು ಬರೆಯಿರಿ. ನೀರೋನ ನಂತರ ಪಟ್ಟಕ್ಕೆ ಬಂದ ಗಾಲ್ಬಾನ ಬಳಿ ಹೆಚ್ಚು ಹೊತ್ತು ನಿಲ್ಲಿರಿ; ಅರಮನೆಯ ಕಾವಲು ಪಡೆಗೆ ಮಾತುಕೊಟ್ಟ ಹಣವನ್ನು ಅವನು ನಿರಾಕರಿಸಿದ್ದೇ ಜನವರಿಯಲ್ಲಿ ಅವನ ಕೊಲೆಗೆ ದಾರಿಯಾಯಿತೆಂಬುದು, ನನ್ನ ಮಟ್ಟಿಗೆ, ಇಡೀ ವರ್ಷದ ಕೀಲಿಕೈ. ಆ ಪಡೆಯನ್ನು ಒಲಿಸಿಕೊಂಡ ಓಥೋ, ರೈನ್ ನದಿ ಗಡಿಯ ಸೈನ್ಯದ ವಿಟೆಲಿಯಸನಿಗೆ ಏಪ್ರಿಲಿನಲ್ಲಿ ಸೋತು ಆತ್ಮಹತ್ಯೆ ಮಾಡಿಕೊಂಡನು. ಜುಲೈಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಸೈನ್ಯ ವೆಸ್ಪಾಸಿಯನ್‌ನನ್ನು ಚಕ್ರವರ್ತಿಯೆಂದು ಘೋಷಿಸಿತು; ಡಿಸೆಂಬರಿನಲ್ಲಿ ವಿಟೆಲಿಯಸ್ ಹತನಾದನು.